ಸಂಕ್ರಾಂತಿ ಕಳೆಯಲಿ, ನೋಡೋಣ

ಊಟಿಯಿಂದ ಗೂಡಲೂರಿಗೆ ಸುಮಾರು 50 ಕಿಲೋಮೀಟರ್. ತಲೈಕುಂದ, ಪೈಕಾರ, ನಡುವಟ್ಟಂ, ಆಮೇಲೆ ಬರೀ ಇಳಿಜಾರು. ನಡೆದರೆ ಮೂರು ದಿನ ಸಾಕು. 2,240 ಮೀಟರ್ ಎತ್ತರದಿಂದ ಇಳಿಯುವ ದಾರಿಯಾದ್ದರಿಂದ ಮಂಡಿಯನ್ನು ಬಿಟ್ಟರೆ ಬೇರೆ ಯಾರೂ ತಕರಾರು ಎತ್ತಬಾರದು. ನಿವೃತ್ತನಾದ ಮೇಲೆ ನಾನು ಹಾಕಿಕೊಂಡ ಯೋಜನೆ ಇಷ್ಟೇ. ಅದು ಇವತ್ತಿಗೂ ಹೊಚ್ಚಹೊಸದಾಗಿದೆ, ಬಳಸಿಯೇ ಇಲ್ಲ.

ಏಪ್ರಿಲ್, ಮೇ ತಿಂಗಳ ಮಾತೇ ಬೇಡ. ಹೂವಿನ ಪ್ರದರ್ಶನ ಹತ್ತಿರ ಬಂದಂತೆ ಗುಂಡ್ಲುಪೇಟೆ, ನಂಜನಗೂಡು, ಮೈಸೂರಿನ ನೆಂಟರಿಗೆಲ್ಲ ನಮ್ಮ ಮೇಲೆ ಪ್ರೀತಿ ಉಕ್ಕುತ್ತದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಈ-ಪಾಸ್ ಕಡ್ಡಾಯವಾದಾಗ ನಾನು ಒಳಗೊಳಗೇ ಹಿಗ್ಗಿದ್ದೆ. ಷಡ್ಡಕರ ಮಗ ಕೂತಲ್ಲೇ ಮೊಬೈಲಿನಲ್ಲಿ ಎರಡು ಕಾರಿಗೂ ಪಾಸ್ ತೆಗೆದು, ಮೂರು ಹಾಸಿಗೆ ಹೆಚ್ಚು ಹಾಸುವಂತೆ ಮಾಡಿದ. ನಡೆದು ಹೋಗುವವನಿಗೆ ಈ-ಪಾಸ್ ಬೇಡ. ಬೇಕಾದದ್ದು ಮನೆಯ ಪಾಸು, ಅದು ಆನ್‌ಲೈನಿನಲ್ಲಿ ಸಿಗುವುದಿಲ್ಲ.

ಜೂನ್ ಬಂದರೆ ಮಳೆ. 2019ರ ಆಗಸ್ಟಿನಲ್ಲಿ ನಮ್ಮ ಅವಲಾಂಚಿಯಲ್ಲಿ ಒಂದೇ ದಿನ 82 ಸೆಂಟಿಮೀಟರ್ ಸುರಿದದ್ದನ್ನು ಮನೆಯವರು ಇನ್ನೂ ಮರೆತಿಲ್ಲ. ನಾನು ಕೊಡೆ ಮುಟ್ಟಿದರೆ ಸಾಕು, ನೆನಪಿಸುತ್ತಾರೆ. ನಡಿಗೆಗೆಂದು ಕೊಂಡ ಶೂಗಳನ್ನು ಜುಲೈಯಲ್ಲಿ ಮಂಚದ ಕೆಳಗಿಂದ ಎಳೆದರೆ ಒಳಗೆಲ್ಲ ಬಿಳಿ ಬೂಷ್ಟು, ಲೇಸಿನ ತೂತುಗಳ ಸುತ್ತ ಹಸಿರು. ಅವನ್ನು ಒರೆಸಿ, ಬಿಸಿಲು ಕಂಡ ದಿನ ಹೊರಗಿಟ್ಟು, ಕಾಣದ ದಿನ ಒಲೆಯ ಪಕ್ಕಕ್ಕಿಟ್ಟು ಬೈಸಿಕೊಳ್ಳುವಷ್ಟರಲ್ಲಿ ಅಕ್ಟೋಬರಿನ ಹಿಂಗಾರು ಬಂದಿರುತ್ತದೆ.

ಮಸಿನಗುಡಿ ಕಡೆಗೆ ಇಳಿದರಾಯಿತಲ್ಲ ಎನ್ನಬೇಡಿ. ಕಲ್ಲಟ್ಟಿ ಘಾಟಿಯ 36 ತಿರುವುಗಳ ಕೆಳಗಿರುವುದು ಹುಲಿಯ ಕಾಡು, ಅಲ್ಲಿ ಕಾಲ್ನಡಿಗೆ ಆಗದು. ಆನೆಗಳಿಗಾದರೆ ಸೀಗೂರು ಬಯಲಿನಲ್ಲಿ ಕಾರಿಡಾರ್ ಉಂಟು. 2020ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ನನಗಿರುವ ಕಾರಿಡಾರ್ ಅಡುಗೆಮನೆಯಿಂದ ಗೇಟಿನವರೆಗೆ, ಅದೂ ಹಾಲಿನವನು ಬೆಲ್ ಮಾಡಿದಾಗ.

ಇಷ್ಟೆಲ್ಲ ಕಳೆದು ಉಳಿದ ದಿನಗಳ ಭವಿಷ್ಯ ಅಡುಗೆಮನೆಯ ಕ್ಯಾಲೆಂಡರಿನಲ್ಲಿದೆ. ನಾನು ಪೆನ್ಸಿಲಿನಲ್ಲಿ ಸಣ್ಣಗೆ ‘ಗೂಡಲೂರು’ ಎಂದು ಬರೆದಿರುತ್ತೇನೆ. ಅದರ ಮೇಲೆಯೇ ನನ್ನಾಕೆ ಪೆನ್ನಿನಲ್ಲಿ ‘ಗ್ಯಾಸ್’, ‘ಚೀಟಿ ದುಡ್ಡು’, ‘ಪುಟ್ಟಿ ನಿಶ್ಚಿತಾರ್ಥ’ ಎಂದು ದಪ್ಪಗೆ ಬರೆಯುತ್ತಾಳೆ. ಪೆನ್ಸಿಲಿನವನ ಮಾತು ಪೆನ್ನಿನವಳ ಮುಂದೆ ನಡೆದದ್ದು ಯಾವ ಮನೆಯಲ್ಲಿ? 1818ರಲ್ಲಿ ವಿಶ್ ಮತ್ತು ಕಿಂಡರ್ಸ್ಲಿ ಎಂಬ ಇಬ್ಬರು ದೊರೆಗಳು, ಮರುವರ್ಷ ಕಲೆಕ್ಟರ್ ಜಾನ್ ಸಲಿವನ್, ಈ ಬೆಟ್ಟ ಹತ್ತಿ ಚರಿತ್ರೆ ಸೇರಿದರು. ಸಿಲಿಂಡರ್ ಬರುವ ದಿನ ಮನೆಯಲ್ಲಿರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ದಾರಿ ತೋರಿಸಿದವರು ನೆರೆಮನೆಯ ಬಡಗ ಅಜ್ಜಿ. ಹೆತ್ತೆ ಹಬ್ಬಕ್ಕೆ ಬಿಳಿ ಸೀರೆಯುಟ್ಟು, ಹಟ್ಟಿಯವರ ಜೊತೆ ಬರಿಗಾಲಲ್ಲಿ ಬೆಟ್ಟ ಹತ್ತಿಳಿದು ಹೋಗುತ್ತಾರೆ. ಗ್ಯಾಸ್ ಯಾರು ಇಳಿಸಿಕೊಳ್ಳುತ್ತಾರೆಂದು ಅವರನ್ನು ಯಾರೂ ಕೇಳುವುದಿಲ್ಲ. ದೇವರ ಹೆಸರಿನಲ್ಲಿ ಹೊರಟರೆ ಅದು ಪುಣ್ಯ, ನನ್ನ ಹೆಸರಿನಲ್ಲಿ ಹೊರಟರೆ ಅಲೆದಾಟ. ಸರಿ, ನಾನೂ ಒಂದು ಸಂಜೆ ಕಾಫಿ ಹೀರುತ್ತ ಮೆಲ್ಲಗೆ, “ನಡೆದುಕೊಂಡು ಹೋಗ್ತೀನಿ ಅಂತ ಹರಕೆ ಹೊತ್ತಿದೀನಿ ಕಣೇ” ಎಂದೆ.

“ಯಾವ ದೇವರಿಗೆ?”

ಗೂಡಲೂರಿನಲ್ಲಿ ಯಾವ ದೇವರಿದ್ದಾರೆಂದು ನಾನು ವಿಚಾರಿಸಿಟ್ಟುಕೊಂಡಿರಲಿಲ್ಲ. ಬಾಯಿಗೆ ಬಂದದ್ದು ಮಾದಪ್ಪ.

“ಒಳ್ಳೇದೇ ಆಯ್ತು ಬಿಡಿ. ನಮ್ಮೂರಿಂದ ಶಿವರಾತ್ರಿಗೆ ಮಾದೇಶ್ವರನ ಬೆಟ್ಟಕ್ಕೆ ನಡೆದೇ ಹೋಗ್ತಾರೆ. ನಾನೂ ಬರ್ತೀನಿ, ಅಕ್ಕ-ಭಾವನಿಗೂ ಹೇಳ್ತೀನಿ.” ರಾತ್ರಿ ಊಟದ ಹೊತ್ತಿಗೆ ಷಡ್ಡಕರ ಫೋನ್ ಬಂತು: ಅವರ ಮಗನೂ ಸೊಸೆಯೂ ಬರುತ್ತಾರಂತೆ. ಚಪಾತಿ, ಚಟ್ನಿಪುಡಿಯ ಲೆಕ್ಕ ಆಗಲೇ ಶುರುವಾಗಿದೆ.

ಹಾಗಾಗಿ ಮಾದಪ್ಪನ ಹರಕೆ ಶಿವರಾತ್ರಿಗೆ, ಗೂಡಲೂರು ಅದಕ್ಕೆ ಮೊದಲು. ಸಂಕ್ರಾಂತಿ ಕಳೆದ ಸೋಮವಾರ ಹೊರಡುವುದೆಂದು ಈ ಸಲ ಪೆನ್ನಿನಲ್ಲೇ ಬರೆದಿದ್ದೇನೆ. ಆ ವಾರ ಊಟಿ ನೋಡುವ ಆಸೆಯುಳ್ಳ ಬಂಧುಗಳಲ್ಲಿ ಒಂದು ವಿನಂತಿ: ಜನವರಿ ಸೀಸನ್ ಅಲ್ಲ, ಲಾಡ್ಜುಗಳಲ್ಲಿ ರೂಮು ಸಲೀಸಾಗಿ ಸಿಗುತ್ತದೆ, ಬಾಡಿಗೆಯೂ ಕಡಿಮೆ. ದಯವಿಟ್ಟು ಅಲ್ಲೇ ಇಳಿದುಕೊಳ್ಳಿ.