ಪರಿಹಾರ ಕಡತದ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಹಾರಾಜಶ್ರೀ ಪರಿಹಾರ ಕಡತದವರ ಸನ್ನಿಧಾನಕ್ಕೆ,
ಉಪವಿಭಾಗಾಧಿಕಾರಿಗಳ ಕಚೇರಿಯ ಕಪಾಟು, ಕರ್ನಾಟಕ.

ವಿಷಯ: ಆತ್ಮಹತ್ಯೆ ಮಾಡಿಕೊಂಡ ರೈತನ ಮನೆಯವರ ದುಃಖವನ್ನು ಮೂರು ಪ್ರತಿಗಳಲ್ಲಿ ದೃಢೀಕರಿಸುವ ಬಗ್ಗೆ.

ಸಾಲದ ಹೊರೆ ತಾಳಲಾರದೆ ಪ್ರಾಣ ಕಳೆದುಕೊಂಡ ರೈತನ ಕುಟುಂಬಕ್ಕೆ ರಾಜ್ಯ ಸರ್ಕಾರ ಕೊಡುವ ಪರಿಹಾರವು 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿತು. ಹೆಂಡತಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವೂ ನಿಗದಿಯಾಯಿತು. ದೇಶದ ಹಲವು ರಾಜ್ಯಗಳಲ್ಲಿ ಇಷ್ಟೂ ಇಲ್ಲದಿರುವಾಗ ಇದನ್ನು ಮೆಚ್ಚಲೇಬೇಕು. ಆದರೆ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಬೇಕಲ್ಲ. ಖಜಾನೆಗೂ ಸತ್ತವನ ಮನೆಯ ಹೊಸ್ತಿಲಿಗೂ ನಡುವೆ ಕೆಂಪು ದಾರ ಸುತ್ತಿಕೊಂಡು ಕುಳಿತಿರುವ ಸನ್ನಿಧಾನಕ್ಕೆ ಅಭಿನಂದನೆ ಸಲ್ಲಿಸದೆ ಈ ವಿಷಯದಲ್ಲಿ ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ.

ಸಮುದಾಯದ ಆರೋಗ್ಯವನ್ನು ಕುರಿತು ಬರೆಯುವವರು ಈಚೆಗೆ 'ಆಘಾತಸ್ಪಂದಿ ನೀತಿ' ಎಂಬ ಮಾತನ್ನು ಹೆಚ್ಚಾಗಿ ಬಳಸುತ್ತಿದ್ದಾರೆ. ದೊಡ್ಡ ಪೆಟ್ಟು ತಿಂದ ಮನುಷ್ಯನ ನಿದ್ದೆ, ನೆನಪು, ನಂಬಿಕೆಗಳು ಬಹುಕಾಲ ಕದಡಿರುತ್ತವೆಂಬುದನ್ನು ಮೊದಲೇ ಒಪ್ಪಿಕೊಂಡು, ಅಂಥವನು ಬಂದು ನಿಲ್ಲುವ ಠಾಣೆ, ಆಸ್ಪತ್ರೆ, ಶಾಲೆ, ಕಚೇರಿಗಳ ನಡಾವಳಿಯನ್ನು ಅದಕ್ಕೆ ತಕ್ಕಂತೆ ರೂಪಿಸುವುದೇ ಈ ನೀತಿಯ ತಿರುಳು. ಅಮೆರಿಕದಲ್ಲಿ ವ್ಯಸನ ಮತ್ತು ಮಾನಸಿಕ ಆರೋಗ್ಯ ಸೇವೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯೊಂದು 2014ರಲ್ಲಿ ಇದಕ್ಕೆ ನಾಲ್ಕು ಕರ್ತವ್ಯಗಳನ್ನು ಹೇಳಿತು: ಆಘಾತ ಎಷ್ಟು ವ್ಯಾಪಕವಾದದ್ದೆಂದು ಅರಿಯುವುದು, ಅದರ ಲಕ್ಷಣಗಳನ್ನು ಗುರುತಿಸುವುದು, ತಿಳಿದದ್ದನ್ನು ಆಚರಣೆಗೆ ತರುವುದು, ಆದ ಗಾಯವನ್ನು ಮತ್ತೆ ಕೆದಕದಿರುವುದು. ಸನ್ನಿಧಾನವು ಮೊದಲ ಮೂರನ್ನು ಓದದೆಯೇ ನಾಲ್ಕನೆಯದನ್ನು ತಲೆಕೆಳಗಾಗಿ ಸಾಧಿಸಿದೆ.

ಆ ಸಾಧನೆ ಮಹಜರಿನಿಂದಲೇ ಮೊದಲಾಗುತ್ತದೆ. ಸೂತಕ ಕಳೆದಿರುವುದಿಲ್ಲ, ಜಗುಲಿಯ ಮೇಲೆ ಪಂಚರು, ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಧಿಕಾರಿ, ಬಾಗಿಲ ಮರೆಯಲ್ಲಿ ಸೆರಗು ಹೊದ್ದ ಹೆಂಗಸು, ಅವಳ ಪಕ್ಕದಲ್ಲಿ ಮಾವ, ಹಿಂದೆ ಅರ್ಧ ಊರು. ಗಂಡ ಕುಡಿಯುತ್ತಿದ್ದನೇ, ಮನೆಯಲ್ಲಿ ಜಗಳವಿತ್ತೇ, ಅಂದು ಬೆಳಿಗ್ಗೆ ಏನು ಮಾತಾಯಿತು ಎಂಬ ಪ್ರಶ್ನೆಗಳಿಗೆ ಅವಳು ಈ ಸಭೆಯ ಮುಂದೆ ಉತ್ತರ ಕೊಡಬೇಕು. ಅದೇ ಕಥೆಯನ್ನು ಠಾಣೆಯಲ್ಲಿ ಒಮ್ಮೆ, ಕೃಷಿ ಇಲಾಖೆಯವರಿಗೆ ಒಮ್ಮೆ, ತಾಲ್ಲೂಕು ಕಚೇರಿಯಲ್ಲಿ ಮತ್ತೊಮ್ಮೆ ಹೇಳಬೇಕು, ಮತ್ತು ಪ್ರತಿ ಸಲವೂ ಒಂದೇ ರೀತಿ ಹೇಳಬೇಕು. ಆಘಾತಕ್ಕೊಳಗಾದವರ ನೆನಪು ಹಿಂದುಮುಂದಾಗುವುದು ಸಹಜವೆಂದು ಮನಶ್ಶಾಸ್ತ್ರ ಹೇಳಿದರೂ, ಹೇಳಿಕೆಯಲ್ಲಿ ವ್ಯತ್ಯಾಸ ಕಂಡರೆ ಅದು ಸಂಶಯದ ಷರಾ ಆಗುತ್ತದೆ. ಆ ಮೇಲೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ, ಪಹಣಿ, ವಂಶವೃಕ್ಷ, ಸಾಲದ ದೃಢೀಕರಣ ಪತ್ರ ಒಂದೊಂದಾಗಿ ಬಂದು ಸನ್ನಿಧಾನದ ಮೈ ತುಂಬುತ್ತದೆ. ದಾಖಲೆಗಾಗಿ ಅಲೆಯುವ ಹೆಂಗಸಿನ ಮೈ ಇಳಿಯುವುದು ಕಡತದ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟಾದ ಮೇಲೆ ಸಮಿತಿ ಕೂಡಿ ಸಾವು 'ಅರ್ಹ'ವೋ 'ಅನರ್ಹ'ವೋ ಎಂದು ತೀರ್ಮಾನಿಸುತ್ತದೆ. ಬ್ಯಾಂಕಿನ ಸಾಲ, ಸೊಸೈಟಿಯ ಸಾಲಗಳಿಗೆ ಕಾಗದವಿರುತ್ತದೆ. ಮಳೆ ಕೈಕೊಟ್ಟ ವರ್ಷ ಬೋರ್‌ವೆಲ್ ಕೊರೆಸಲು ಊರ ಸಾಹುಕಾರನಿಂದ ತಂದ ಕೈಸಾಲಕ್ಕೆ ಬಡ್ಡಿ ಉಂಟೇ ಹೊರತು ರಸೀದಿ ಇಲ್ಲ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದು ಪೌತಿ ಖಾತೆ ಆಗದೆ ಉಳಿದಿದ್ದರೆ, ಮೂವತ್ತು ವರ್ಷ ಉತ್ತವನನ್ನೂ ರೈತನೆಂದು ನಂಬಿಸುವುದು ಕಷ್ಟ. 1974ರಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿ ಕಾನೂನಿನ ಪ್ರಕಾರ ಬಹುಮಟ್ಟಿಗೆ ನಿಷಿದ್ಧವಾದ್ದರಿಂದ, ಬಾಯಿಮಾತಿನ ಮೇಲೆ ಹೊಲ ಮಾಡುವವನು ಕಾಗದದಲ್ಲಿ ಹುಟ್ಟಿಯೇ ಇಲ್ಲ. ಹುಟ್ಟದವನು ಸಾಯುವುದು ಹೇಗೆಂಬ ಸನ್ನಿಧಾನದ ತರ್ಕಕ್ಕೆ ನೈಯಾಯಿಕರೂ ತಲೆದೂಗಬೇಕು. ಕಳೆ ಕಿತ್ತು, ನಾಟಿ ಮಾಡಿ, ಸಂಘದ ಸಾಲದ ಕಂತು ಕಟ್ಟಿದ ಹೆಣ್ಣೇ ಸತ್ತರೆ, ಜಮೀನು ಅವಳ ಹೆಸರಿನಲ್ಲಿಲ್ಲದ ಒಂದೇ ಕಾರಣಕ್ಕೆ ಅವಳು ಗೃಹಿಣಿಯಾಗಿ ದಾಖಲಾಗುತ್ತಾಳೆ.

ಸರ್ಕಾರಕ್ಕೆ ಮನಸ್ಸಿನ ವಿಚಾರ ಗೊತ್ತಿಲ್ಲವೆಂದರೆ ಅನ್ಯಾಯವಾದೀತು. ರೈತರ ಆತ್ಮಹತ್ಯೆಗಳ ಅಧ್ಯಯನಕ್ಕೆ ನೇಮಕವಾಗಿದ್ದ ಜಿ.ಕೆ. ವೀರೇಶ್ ಸಮಿತಿಯ 2002ರ ವರದಿಯು ಸಾಲಕ್ಕಿಂತ ಕುಡಿತ, ಕೌಟುಂಬಿಕ ಕಲಹ ಮುಂತಾದವಕ್ಕೇ ಹೆಚ್ಚು ತೂಕ ಕೊಟ್ಟಿತೆಂದು ರೈತ ಸಂಘಟನೆಗಳೂ ವಿದ್ವಾಂಸರೂ ಟೀಕಿಸಿದರು. ಸತ್ತವನ ಮನಸ್ಸಿನ ಮೇಲೆ ಇಷ್ಟು ಆಸ್ಥೆ ತೋರುವ ವ್ಯವಸ್ಥೆಗೆ ಉಳಿದವಳ ಮನಸ್ಸಿನ ಬಗ್ಗೆ ಕೇಳಲು ಮಾತ್ರ ಪುರುಸೊತ್ತಿಲ್ಲ.

ವಿಪರ್ಯಾಸವೆಂದರೆ ಮದ್ದು ಈ ನೆಲದಲ್ಲೇ ಬೆಳೆದದ್ದು. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗ ಚಿಕಿತ್ಸೆಯನ್ನು ಜನರ ಹತ್ತಿರಕ್ಕೆ ಒಯ್ಯಬಹುದೆಂದು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ (14416) ರಾಷ್ಟ್ರೀಯ ಸಮನ್ವಯವೂ ನಿಮ್ಹಾನ್ಸಿನದೇ, ಅದರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ಇದೆ. ಶುಭಕಾರ್ಯಕ್ಕೆ ಆಗದ ವಾರವೆಂದು ಹಳ್ಳಿಯವರು ಹಿಂಜರಿದರೆ ಅದು ಅವರ ಹಣೆಬರಹ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ, ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರ ಆರೈಕೆ ಮತ್ತು ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಸತ್ತವರ ಮನೆಯವರ ವಿಷಯಕ್ಕೆ ಆ ಕಲಂ ಬರುವುದಿಲ್ಲ. ಅವರ ಪಾಲಿಗೆ ಇರುವುದು ಸನ್ನಿಧಾನವೊಂದೇ.

ಆದ್ದರಿಂದ ಸನ್ನಿಧಾನದಲ್ಲಿ ಅರಿಕೆ ಇಷ್ಟೇ. ಹೇಳಿಕೆಯನ್ನು ತರಬೇತಿ ಪಡೆದ ಒಬ್ಬರು, ಸಾಧ್ಯವಾದರೆ ಹೆಂಗಸೊಬ್ಬರು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದೇ ಬಾರಿ ಬರೆದುಕೊಂಡು, ಉಳಿದ ಇಲಾಖೆಗಳು ಅದನ್ನೇ ಓದಿಕೊಳ್ಳಲಿ. ಸಾವಿನ ಕಾರಣ ತೀರ್ಮಾನವಾಗುವ ತನಕ ಕಾಯದೆ ಮಕ್ಕಳ ಶಾಲೆ ಮತ್ತು ಪಡಿತರಕ್ಕೆ ಬೇಕಾದ ಹಣ ಮೊದಲ ತಿಂಗಳಲ್ಲೇ ಮನೆ ಸೇರಲಿ. ಆಶಾ ಕಾರ್ಯಕರ್ತೆಗೆ ತಕ್ಕ ಸಂಭಾವನೆ ಕೊಟ್ಟು, ವರ್ಷವಿಡೀ ಆ ಮನೆಗೆ ಹೋಗಿ ಬರುವ ಕೆಲಸವನ್ನು ಅವಳಿಗೆ ವಹಿಸಲಿ. 'ಅನರ್ಹ' ಎಂಬ ಮೊಹರನ್ನು ಸಾವಿನ ಮೇಲೆ ಒತ್ತುವುದು ನಿಲ್ಲಲಿ.

ಲಗತ್ತುಗಳು: ಇಲ್ಲ. ಪಹಣಿ 'ಭೂಮಿ' ಗಣಕದಲ್ಲಿದೆ, ಎಫ್‌ಐಆರ್ ಠಾಣೆಯಲ್ಲಿದೆ, ಮರಣೋತ್ತರ ವರದಿ ಸರ್ಕಾರಿ ಆಸ್ಪತ್ರೆಯಲ್ಲಿದೆ. ದಯವಿಟ್ಟು ಅಲ್ಲಿಂದಲೇ ತರಿಸಿಕೊಳ್ಳುವುದು.