ಕಂಪ್ಯೂಟರಿನ ಹೊಟ್ಟೆಯಲ್ಲೊಂದು ಕಂಪ್ಯೂಟರು

ಭಾನುವಾರ ಅಟ್ಟ ಗುಡಿಸಿ ಎಂದು ಹೆಂಡತಿ ಹೇಳಿದಾಗಲೆಲ್ಲ ನನಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ ನೋಡುವ ಉಮೇದು ಬರುತ್ತದೆ. ಅಸಲಿ ಕಂಪ್ಯೂಟರಿಗೆ ಕೈ ಹಾಕುವ ಧೈರ್ಯವಿಲ್ಲ. ಮಗಳ ಮದುವೆ ಫೋಟೋಗಳೆಲ್ಲ ಅದರಲ್ಲೇ ಇವೆ. ಹಾಗಾಗಿ ವರ್ಚುವಲ್ ಮಷೀನು. ಇದ್ದ ರ್‍ಯಾಮಿನಲ್ಲಿ ಒಂದಿಷ್ಟು ಕಿತ್ತುಕೊಟ್ಟು, ಒಂದು ಫೈಲನ್ನು ತೋರಿಸಿ 'ಇದೇ ನಿನ್ನ ಹಾರ್ಡ್ ಡಿಸ್ಕು ಕಣಪ್ಪ' ಎಂದರಾಯಿತು. ಪಾಪ, ನಂಬುತ್ತದೆ.

ಮೊದಲು ಕೊಲಿಬ್ರಿ. ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದು. ಆಟಗಳ ಸಮೇತ 1.44 ಎಂಬಿ ಫ್ಲಾಪಿಯಲ್ಲಿ ಹಿಡಿಸುತ್ತದೆ. ನಮ್ಮ ಬಳಗದವರು ಕಳಿಸುವ 'ಶುಭೋದಯ' ವಿಡಿಯೊ ಇದಕ್ಕಿಂತ ಭಾರ! ಕಾಫಿಗೆ ಸಕ್ಕರೆ ಕಲಕುವಷ್ಟರಲ್ಲಿ ಎದ್ದು ಕೂತಿತ್ತು. ಆಮೇಲೆ ಹೈಕು. ಬಿಓಎಸ್ ನಿಂತುಹೋಗುತ್ತದೆಂದು ಕಂಗಾಲಾದ ಅಭಿಮಾನಿಗಳು 2001ರಲ್ಲಿ ಶುರುಮಾಡಿದ್ದು. ಕಿಟಕಿಗಳ ನೆತ್ತಿಗೆ ಹಳದಿ ಪಟ್ಟಿ, ಥೇಟ್ ಅರಿಶಿನ ಬಳಿದ ಹೊಸ್ತಿಲು. ವಿಂಡೋಸಿನ ತದ್ರೂಪಾಗಬೇಕೆಂದು 1990ರ ದಶಕದಲ್ಲೇ ಹೊರಟ ರಿಯಾಕ್ಟ್‌ಓಎಸ್ ಇನ್ನೂ ಆಲ್ಫಾ ಹಂತದಲ್ಲಿದೆ. ಯಾಕೋ ನಮ್ಮೂರ ಗುಡಿಯ ಜೀರ್ಣೋದ್ಧಾರ ನೆನಪಾಯಿತು.

ಅಷ್ಟರಲ್ಲಿ ಮೌಸಿನ ಬಾಣ ಒಳಗಿನ ಕಂಪ್ಯೂಟರಿನಲ್ಲೇ ಸಿಕ್ಕಿಕೊಂಡಿತು. ಚಕ್ರವ್ಯೂಹ ಹೊಕ್ಕ ಅಭಿಮನ್ಯು! ಬಲಗಡೆಯ ಕಂಟ್ರೋಲ್ ಕೀಲಿ ಒತ್ತಿದರೆ ಬಿಡುಗಡೆ ಎಂಬುದು ಹೊಳೆಯಲು ಅರ್ಧ ಗಂಟೆ ಹಿಡಿಯಿತು.

"ಕೆಟ್ಟರೂ ಚಿಂತೆಯಿಲ್ಲ ಕಣೇ, ಸ್ನ್ಯಾಪ್‌ಶಾಟ್ ಇದೆ. ಬೆಳಗ್ಗೆ ಹೇಗಿತ್ತೋ ಹಾಗೇ ಆಗುತ್ತೆ" ಎಂದೆ, ಹೆಮ್ಮೆಯಿಂದ.

"ಅಟ್ಟವೂ ಬೆಳಗ್ಗೆ ಹೇಗಿತ್ತೋ ಹಾಗೇ ಇದೆ" ಎಂದು ಪೊರಕೆ ತಂದು ಕೀಬೋರ್ಡಿನ ಪಕ್ಕದಲ್ಲಿಟ್ಟಳು.