ಶಿರಸ್ತೇದಾರರ ಕಾವ್ಯವ್ಯಾಸಂಗ

ನ್ಯಾಯಾಲಯದ ಶಿರಸ್ತೇದಾರಿಕೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು, ವಿಶ್ರಾಂತಿವೇತನ ಆರಂಭವಾದ ತಿಂಗಳಿನಿಂದಲೇ ಪ್ರಾಚೀನ ಕಾವ್ಯಗಳನ್ನು ಕಡತಗಳಂತೆ ತಿರುವಿಹಾಕತೊಡಗುವ ಮಹನೀಯರೊಬ್ಬರು ನಮ್ಮ ಪ್ರತಿಯೊಂದು ತಾಲ್ಲೂಕಿನ ಊರಿನಲ್ಲಿಯೂ ಇದ್ದೇ ಇರುವರು. ಜಗಲಿಯ ಮೇಲೆ ಆಸೀನರಾಗಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ದಾವಾಪತ್ರವನ್ನು ಓದುವ ಏಕಸ್ವರದಲ್ಲಿ ಓದುತ್ತ, ಸಂಧಿ ಮುಗಿದೊಡನೆ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ‘ನೋಡಲಾಯಿತು’ ಎಂದು ಬರೆದು, ಕೆಳಗೆ ತಾರೀಖು ಸಮೇತ ರುಜು ಹಾಕುವುದು ಅವರ ನಿತ್ಯವಿಧಿ.

ದ್ಯೂತಪ್ರಸಂಗವೆಂದರೆ ಅವರಿಗೆ ಪಂಚಪ್ರಾಣ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕೊಡ್ಡುವ ಅಧಿಕಾರವೆಲ್ಲಿಯದೆಂದು ದ್ರೌಪದಿಯು ಎತ್ತಿದ ಪ್ರಶ್ನೆಗೆ ಅವರು ಕೈಮುಗಿಯುವರು. “ಆ ಸಭೆಯಲ್ಲಿ ಕಾನೂನು ತಿಳಿದವಳು ಆಕೆಯೊಬ್ಬಳೇ ಕಣಯ್ಯ. ಭೀಷ್ಮರು ಮಾಡಿದ್ದೇನು? ವಾಯಿದೆ ಹಾಕಿದರು, ಅಷ್ಟೆ!” ಕವಿಯು ಗದಾಪರ್ವಕ್ಕೆ, ಅಂದರೆ ಹತ್ತನೆಯ ಪರ್ವಕ್ಕೆ, ಕಾವ್ಯವನ್ನು ನಿಲ್ಲಿಸಿದ್ದೇಕೆಂದು ಪಂಡಿತರು ಜಿಜ್ಞಾಸೆ ಮಾಡುತ್ತಿರಲಿ, ಇವರಿಗೆ ಸಂದೇಹವೇ ಇಲ್ಲ: ತೀರ್ಪಾಯಿತು, ಕಡತ ಮುಚ್ಚಿತು, ಅಮಲ್ಜಾರಿ ಕವಿಯ ಕೆಲಸವಲ್ಲ.

ಮಾಸ್ತಿಯವರಲ್ಲಿ ಇವರಿಗೆ ಅಪಾರ ಗೌರವ. ಕಥೆಗಳಿಗಿಂತ ಮೊದಲು, ಅವರು ಮೈಸೂರು ಸಿವಿಲ್ ಸರ್ವಿಸಿನಲ್ಲಿದ್ದು 1943ರಲ್ಲಿ ನಿವೃತ್ತರಾದವರೆಂಬ ಕಾರಣಕ್ಕೆ. ಆದರೂ ‘ರಂಗನ ಮದುವೆ’ಯಲ್ಲಿ ಶ್ಯಾಮನು ಜೋಯಿಸರಿಗೆ ಮುಂಚಿತವಾಗಿಯೇ ಪಾಠ ಹೇಳಿಕೊಟ್ಟದ್ದು ಸಾಕ್ಷಿಯನ್ನು ಕೆಡಿಸಿದ ಅಪರಾಧವೆಂದು ಬಹುಕಾಲ ಹಟ ಹಿಡಿದಿದ್ದರು. ರಂಗನು ತನ್ನ ಮಗುವಿಗೆ ಅದೇ ಶ್ಯಾಮನ ಹೆಸರನ್ನಿಟ್ಟುದನ್ನು ನಾನು ನೆನಪಿಸಿದಾಗ ಕ್ಷಣಕಾಲ ಆಲೋಚಿಸಿ, “ಹಾಗಾದರೆ ರಾಜಿಯಾಯಿತೆನ್ನಿ” ಎಂದರು. ಪದ್ಯ ಮುಗಿಯುವ ಮೊದಲೇ ತಲೆದೂಗುವ ನಮ್ಮಂಥ ರಸಿಕರಿಗಿಂತ ಇವರೇ ಹೆಚ್ಚು ಸಾವಧಾನದಿಂದ ಓದುವರೋ ಏನೋ ಎಂಬ ಗುಮಾನಿ ನನಗುಂಟು.

ರಾಘವಾಂಕನ ಹರಿಶ್ಚಂದ್ರಕಾವ್ಯದ ವಿಚಾರಣೆ ಮಾತ್ರ ಇನ್ನೂ ಮುಗಿದಿಲ್ಲ. ಸಾಲದವರು ಬೆನ್ನುಹತ್ತಿದರೆ ನಕ್ಷತ್ರಿಕನಂತೆ ಕಾಡಿದರೆಂದು ನಾವು ಶಪಿಸುವುದುಂಟಷ್ಟೆ. ಅದನ್ನು ಕೇಳಿದರೆ ಇವರಿಗೆ ಮೈಯುರಿ. “ಡಿಕ್ರಿ ವಿಶ್ವಾಮಿತ್ರರದು. ಅಮೀನನನ್ನು ಬೈದರೆ ಬಂದ ಭಾಗ್ಯವೇನು? ಬಾಕಿದಾರನ ಹಿಂದೆ ಕಾಶಿಯವರೆಗೆ ನಡೆದವನು ಅವನು! ಆ ಬಿಸಿಲು ನಿಮಗೇನು ಗೊತ್ತು?”

ಮೊನ್ನೆ ಗಮಕಿಗಳು ಸ್ಮಶಾನದ ಭಾಗವನ್ನು ವಾಚಿಸಿದರು. ಲೋಹಿತಾಶ್ವನ ಶವವನ್ನು ಹೊತ್ತುಬಂದ ಚಂದ್ರಮತಿಯನ್ನು ಸುಡುಗಾಡಿನ ತೆರೆಗಾಗಿ ಹರಿಶ್ಚಂದ್ರನೇ ತಡೆದಾಗ ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ಶಿರಸ್ತೇದಾರರೂ ಪಂಚೆಯ ಅಂಚಿನಿಂದ ಕನ್ನಡಕವನ್ನು ಉಜ್ಜಿ ಉಜ್ಜಿ, ಕಡೆಗೆ ಗದ್ಗದಕಂಠದಿಂದ, “ಅವನಾದರೂ ಏನು ಮಾಡಿಯಾನು? ಮನ್ನಾ ಮಾಡುವ ಅಧಿಕಾರ ಕೆಳಗಿನವರಿಗಿಲ್ಲ. ವೀರಬಾಹುಕನ ಹೆಸರಿಗೆ ಆಯಮ್ಮ ಒಂದು ಅರ್ಜಿ ಹಾಕಿಕೊಂಡಿದ್ದರೆ ಆಗುತ್ತಿತ್ತು. ಬರೆದುಕೊಡುವವರೊಬ್ಬರೂ ಅಲ್ಲಿರಲಿಲ್ಲ, ನೋಡಿ” ಎಂದರು.